‘ಸ್ಟಾಕ್ ಇಲ್ಲ’ ಅಂದ ಮೇಲೆ ಇನ್ನೊಂದು ಮಾತು ಹೇಳಿ

ಅಂಗಡಿ ನಡೆಸುವವರಿಗೆ, ಮಳಿಗೆಗಳ ಮ್ಯಾನೇಜರುಗಳಿಗೆ, ಹೆಡ್ ಆಫೀಸಿನಲ್ಲಿ ಕೂತು ಯಾವ ಸಾಮಾನು ಎಷ್ಟು ತರಿಸಬೇಕು ಅಂತ ತೀರ್ಮಾನ ಮಾಡುವವರಿಗೆ,

ನಮಸ್ಕಾರ.

ಮೊಣಕಾಲಿಗೆ ಹಾಕುವ ಪಟ್ಟಿ ಕೇಳಿಕೊಂಡು ಒಬ್ಬ ಅಜ್ಜಿ ನಾನು ಕೆಲಸ ಮಾಡುತ್ತಿದ್ದ ಮಳಿಗೆಗೆ ಮೂರು ಸಲ ಬಂದಿದ್ದರು. ಅದು ದೊಡ್ಡ ಚೈನ್ ಮಳಿಗೆ. ಅವರಿಗೆ ಬೇಕಿದ್ದದ್ದು ಎಕ್ಸ್‌ಎಲ್ ಸೈಜು. ಎಸ್, ಎಂ, ಎಲ್ ಎಲ್ಲ ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಎಕ್ಸ್‌ಎಲ್ ಕೊಕ್ಕೆ ಖಾಲಿ. ಕಂಪ್ಯೂಟರ್ ನೋಡಿದರೆ ‘2 ಇದೆ’ ಅಂತ ತೋರಿಸುತ್ತಿತ್ತು. ಹಿಂದಿನ ಗೋದಾಮಿಗೆ ಹೋಗಿ ಹುಡುಕಿದೆ, ಸಿಗಲಿಲ್ಲ. ‘ಸ್ಟಾಕ್ ಇಲ್ಲ ಅಜ್ಜಿ, ಮುಂದಿನ ವಾರ ಬನ್ನಿ’ ಅಂದೆ. ಮುಂದಿನ ವಾರ ಬಂದರು. ಅದೇ ಉತ್ತರ ಕೊಟ್ಟೆ. ಅದರ ಮುಂದಿನ ವಾರವೂ ಬಂದರು, ಮೆಟ್ಟಿಲ ಹತ್ತಿರ ಸ್ವಲ್ಪ ನಿಂತು, ಕಟಕಟೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹತ್ತಿ ಬಂದರು.

‘ಇದೊಂದು ತರಿಸಿಕೊಡೋಕೆ ಆಗಲ್ವೇನಪ್ಪಾ?’ ಅಂತ ಕೇಳಿದರು.

ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಆಗ ಪೂರ್ತಿ ಗೊತ್ತಿರಲಿಲ್ಲ.

ವರ್ಷದ ಸ್ಟಾಕ್ ಎಣಿಕೆ ಬಂದಾಗ ಗೊತ್ತಾಯಿತು. ಆ ಎರಡು ಪಟ್ಟಿ ಎಲ್ಲೂ ಇರಲಿಲ್ಲ. ಕಳುವಾಗಿತ್ತೋ, ಬರುವಾಗಲೇ ಎರಡು ಕಡಿಮೆ ಬಂದಿತ್ತೋ, ಬಿಲ್ಲಿಂಗಿನಲ್ಲಿ ಒಂದು ಸೈಜಿನ ಬದಲು ಇನ್ನೊಂದು ಸ್ಕ್ಯಾನ್ ಆಗಿತ್ತೋ, ದೇವರಿಗೇ ಗೊತ್ತು. ಎಣಿಸಿ 0 ಅಂತ ತಿದ್ದಿದೆವು. ಆರನೇ ದಿನಕ್ಕೆ ಲಾರಿಯಲ್ಲಿ ನಾಲ್ಕು ಎಕ್ಸ್‌ಎಲ್ ಪಟ್ಟಿ ತಾನಾಗಿ ಬಂದಿಳಿದವು. ಅಷ್ಟೊತ್ತಿಗೆ ಅಜ್ಜಿ ಬರುವುದು ನಿಂತು ತಿಂಗಳುಗಳೇ ಆಗಿದ್ದವು. ಅವರ ಫೋನ್ ನಂಬರ್ ನನ್ನ ಹತ್ತಿರ ಇರಲಿಲ್ಲ. ಬರೆದುಕೊಳ್ಳಲು ನಮ್ಮಲ್ಲಿ ಒಂದು ಪುಸ್ತಕವೂ ಇರಲಿಲ್ಲ.

ಈ ಪತ್ರ ಬರೆಯುವುದಕ್ಕೆ ಅದೇ ಕಾರಣ.

ಚೈನ್ ಮಳಿಗೆಗೆ ಸೇರುವ ಮೊದಲು ನಾನು ಒಂದು ಸಣ್ಣ ಅಂಗಡಿಯಲ್ಲಿದ್ದೆ. ನಲ್ಲಿ, ಬೀಗ, ಬಾಗಿಲ ಹಿಡಿ, ಕೀಲು ಮಾರುವ ಅಂಗಡಿ. ಗಲ್ಲಾ ಪಕ್ಕದಲ್ಲಿ ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ನು. ಯಾರಾದರೂ ಇಲ್ಲದ ಸಾಮಾನು ಕೇಳಿದರೆ ಮಾಲೀಕರು ಅದರಲ್ಲಿ ಬರೆಯುತ್ತಿದ್ದರು: ಸಾಮಾನು, ಅಳತೆ, ಹೆಸರು, ಫೋನ್ ನಂಬರ್. ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ಬಂದ ದಿನ ಆ ಪುಟ ತೆಗೆದು ಅವನ ಮುಂದೆ ಹಿಡಿಯುತ್ತಿದ್ದರು. ಬಂದ ಸಾಮಾನಿಗೆ ಹೆಸರಿನ ಚೀಟಿ ಅಂಟಿಸಿ ಪಕ್ಕದ ಶೆಲ್ಫಿನಲ್ಲಿ ಇಡುವುದು ನನ್ನ ಕೆಲಸ.

ಜನ ಏನಂತಾರೆ? ಈ ಅಂಗಡಿಯವರು ಒಳ್ಳೆಯವರು, ಆ ಅಂಗಡಿಯವರಿಗೆ ಗಿರಾಕಿ ಅಂದರೆ ಲೆಕ್ಕಕ್ಕಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎರಡೂ ಕಡೆ ಕೌಂಟರಿನಲ್ಲಿ ನಿಂತವನು ನಾನೇ ಅಲ್ವಾ? ನನ್ನ ಗುಣ ಬದಲಾಗಿರಲಿಲ್ಲ. ಬದಲಾಗಿದ್ದು ಎರಡು ಸಂಗತಿ. ಆರ್ಡರ್ ಬರೆಯುವ ಪೆನ್ನು ಯಾರ ಕೈಯಲ್ಲಿದೆ ಅನ್ನುವುದು ಒಂದು. ತರಿಸಿದ ಸಾಮಾನು ಮಾರಾಟವಾಗದೆ ಉಳಿದರೆ ಅದು ಯಾರ ತಲೆಗೆ ಬರುತ್ತದೆ ಅನ್ನುವುದು ಇನ್ನೊಂದು. ಒಂದು ಅಂಗಡಿ ಸಲೀಸಾಗಿ ತರಿಸಿಕೊಡುವುದಕ್ಕೂ ಇನ್ನೊಂದು ಕೈ ಆಡಿಸಿಬಿಡುವುದಕ್ಕೂ ಹೆಚ್ಚಿನ ಕಾರಣ ಈ ಎರಡರಲ್ಲೇ ಸಿಗುತ್ತದೆ.

ಮೊದಲು ಪೆನ್ನಿನ ವಿಷಯ. ಸಣ್ಣ ಅಂಗಡಿಯಲ್ಲಿ ಮಾರುವವರೂ ತರಿಸುವವರೂ ಒಬ್ಬರೇ. ಚೈನ್ ಮಳಿಗೆಯಲ್ಲಿ ಹಾಗಲ್ಲ. ಯಾವ ಸಾಮಾನು ಇಡಬೇಕು, ಯಾವ ಶೆಲ್ಫಿನ ಯಾವ ಸಾಲಿನಲ್ಲಿ ಎಷ್ಟು ಇಡಬೇಕು ಅನ್ನುವ ನಕ್ಷೆ ಹೆಡ್ ಆಫೀಸಿನಿಂದ ಬರುತ್ತದೆ. ಸ್ಟಾಕ್ ಇಷ್ಟಕ್ಕಿಂತ ಕೆಳಗೆ ಇಳಿದರೆ ಇಷ್ಟು ಕಳಿಸು ಅಂತ ಕಂಪ್ಯೂಟರಿಗೆ ಹೇಳಿಟ್ಟಿರುತ್ತಾರೆ. ಕೌಂಟರಿನವರು ಕೈಯಿಂದ ಇಂಡೆಂಟ್, ಅಂದರೆ ‘ಇದು ಕಳಿಸಿ’ ಅನ್ನುವ ಬೇಡಿಕೆ, ಹಾಕುವುದಕ್ಕೆ ಎಷ್ಟೋ ಕಡೆ ಅವಕಾಶವೇ ಇಲ್ಲ. ಇದಕ್ಕೆ ಕಾರಣವೂ ಇದೆ, ಅದನ್ನು ನಾನು ಒಪ್ಪುತ್ತೇನೆ. ನೂರಾರು ಮಳಿಗೆಗಳಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ್ದು ತರಿಸುತ್ತಾ ಹೋದರೆ ಗೋದಾಮು ತುಂಬಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡ ಮಳಿಗೆಯಲ್ಲಿ ಬೆಲೆ ಕಡಿಮೆ ಇರುವುದೇ ಎಲ್ಲ ಒಂದೇ ಕಡೆಯಿಂದ, ಒಂದೇ ಲೆಕ್ಕದಲ್ಲಿ ಬರುವುದರಿಂದ.

ಆದರೆ ಈ ಏರ್ಪಾಡು ಒಂದು ನಂಬಿಕೆಯ ಮೇಲೆ ನಿಂತಿದೆ. ಕಂಪ್ಯೂಟರಿನಲ್ಲಿ ಇರುವ ಸಂಖ್ಯೆ ಸರಿ ಅನ್ನುವ ನಂಬಿಕೆ. ಸರಿ ಇರುತ್ತದಾ? ಡಿಹೊರೇಷಿಯಸ್ ಮತ್ತು ರಾಮನ್ ಅನ್ನುವ ಇಬ್ಬರು ಸಂಶೋಧಕರು ಒಂದು ದೊಡ್ಡ ಕಂಪನಿಯ 37 ಅಂಗಡಿಗಳಲ್ಲಿ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಎಣಿಸಿ ನೋಡಿದ ಲೆಕ್ಕಕ್ಕೆ ತಾಳೆ ಹಾಕಿದರು. 65 ಶೇಕಡಾ ದಾಖಲೆಗಳು ತಾಳೆಯಾಗಲಿಲ್ಲ. 2008ರಲ್ಲಿ ಇದು ಪ್ರಕಟವಾಯಿತು. ಕೆಲವು ಕಡೆ ಒಂದೆರಡು ಹೆಚ್ಚು ಕಡಿಮೆ ಇರಬಹುದು, ಅದೇನು ಮಹಾ ಅನ್ನಿಸುತ್ತದೆ. ಆದರೆ ಮೊಣಕಾಲ ಪಟ್ಟಿಯ ಎಕ್ಸ್‌ಎಲ್ ಥರ ಎರಡೇ ಎರಡು ಇಡುವ ಸಾಮಾನಿನಲ್ಲಿ ಎರಡರ ತಪ್ಪು ಅಂದರೆ ಪೂರ್ತಿ ತಪ್ಪು. ಕಂಪ್ಯೂಟರ್ ‘ಇದೆ’ ಅನ್ನುತ್ತದೆ, ಕೊಕ್ಕೆ ಖಾಲಿ ಇರುತ್ತದೆ, ಆರ್ಡರ್ ಹೋಗುವುದೇ ಇಲ್ಲ. ಯಾರಾದರೂ ಎಣಿಸುವ ತನಕ ಆ ಸಾಮಾನು ಆ ಮಳಿಗೆಗೆ ಬರುವುದಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ನೋವು ಕೊಡುವ ವಿಷಯ ಇನ್ನೊಂದಿದೆ. ನಾಳೆ ಎಷ್ಟು ಬೇಕಾಗಬಹುದು ಅಂತ ಕಂಪ್ಯೂಟರ್ ಅಂದಾಜು ಮಾಡುವುದು ನಿನ್ನೆ ಎಷ್ಟು ಬಿಲ್ ಆಯಿತು ಅನ್ನುವುದರ ಮೇಲೆ. ಬಿಲ್ ಆಗದೆ ವಾಪಸ್ ಹೋದವರು ಅದರ ಕಣ್ಣಿಗೆ ಬೀಳುವುದಿಲ್ಲ. ಅಜ್ಜಿ ಮೂರು ಸಲ ಬಂದರು. ದಾಖಲೆಯಲ್ಲಿ ಏನಿತ್ತು? ಮೂರು ವಾರ, ಎಕ್ಸ್‌ಎಲ್ ಮಾರಾಟ 0. ಅದನ್ನು ನೋಡಿದ ಹೆಡ್ ಆಫೀಸಿನವರಿಗೆ ಏನನ್ನಿಸುತ್ತದೆ? ಈ ಊರಿನಲ್ಲಿ ಎಕ್ಸ್‌ಎಲ್ ಯಾರಿಗೂ ಬೇಡ ಅಂತ. ಮುಂದಿನ ವರ್ಷದ ನಕ್ಷೆಯಲ್ಲಿ ಆ ಕೊಕ್ಕೆಯನ್ನೇ ತೆಗೆದುಬಿಡಬಹುದು. ಇಲ್ಲದ್ದರಿಂದ ಮಾರಾಟವಾಗಲಿಲ್ಲ, ಮಾರಾಟವಾಗದ್ದರಿಂದ ತರಿಸಲಿಲ್ಲ. ಇದನ್ನು ತಡೆಯಲು ಒಂದೇ ದಾರಿ: ‘ಇದು ಬೇಕು’ ಅಂತ ಕೇಳಿದವರ ಮಾತು ಎಲ್ಲಾದರೂ ದಾಖಲಾಗಬೇಕು. ಸಣ್ಣ ಅಂಗಡಿಯ ಆ ನೋಟ್‌ಬುಕ್ಕು ಮಾಡುತ್ತಿದ್ದದ್ದು ಇದನ್ನೇ. ಅದರಲ್ಲಿ ಒಂದೇ ಅಳತೆಯ ಕೀಲು ಮೂರು ಪುಟದಲ್ಲಿ ಮೂರು ಸಲ ಕಂಡರೆ ಮಾಲೀಕರು ಅದನ್ನು ಕಾಯಂ ಆಗಿ ತರಿಸಲು ಶುರು ಮಾಡುತ್ತಿದ್ದರು.

ಇನ್ನು ಉಳಿದ ಸಾಮಾನು ಯಾರ ತಲೆಗೆ ಬರುತ್ತದೆ ಅನ್ನುವ ವಿಷಯ. ಗಿರಾಕಿಗಳಿಗೆ ಇದು ಕಾಣುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬರಿಗೆ ಒಂದು ಬಾಗಿಲ ಹಿಡಿ ಬೇಕು. ಡಿಸ್ಟ್ರಿಬ್ಯೂಟರ್ ಕೊಡುವುದು 12ರ ಬಾಕ್ಸ್. ಒಂದು ಮಾರಿ, ಉಳಿದ 11 ಇಟ್ಟುಕೊಳ್ಳಬೇಕು. ಹೋಗುವ ಸಾಮಾನಾದರೆ ಪರವಾಗಿಲ್ಲ, ಇಲ್ಲದಿದ್ದರೆ ಆ 11 ಹಿಡಿ ವರ್ಷಗಟ್ಟಲೆ ಧೂಳು ತಿನ್ನುತ್ತವೆ. ಶೂಗಳಲ್ಲೂ ಇದೇ ಪಾಡು. ಎಷ್ಟೋ ಕಂಪನಿಗಳು ಸೈಜುಗಳನ್ನು ಸೆಟ್ ಮಾಡಿ ಕಳಿಸುತ್ತವೆ, ನಡುವಿನ ಸೈಜು ಎರಡೆರಡು ಮೂರ್ಮೂರು, ತುದಿಯ ಸೈಜು ಒಂದೊಂದು. ನಿಮ್ಮದು ತುದಿಯ ಸೈಜಾದರೆ ಆ ಒಂದು ಜೊತೆಗಾಗಿ ಇಡೀ ಸೆಟ್ ತರಿಸಬೇಕು. ಸುಮ್ನೆ ಸೋಮಾರಿತನಕ್ಕೆ ಯಾರೂ ‘ಇಲ್ಲ’ ಅನ್ನುವುದಿಲ್ಲ.

ಸಣ್ಣ ಆರ್ಡರಿಗೂ ದೊಡ್ಡ ಆರ್ಡರಿಗೂ ಓಡಾಟ ಒಂದೇ ಅನ್ನುವುದೂ ಇದೆ. ಒಂದು ಹಿಡಿ ತರಿಸಿದರೂ ನೂರು ತರಿಸಿದರೂ ಫೋನ್ ಮಾಡಬೇಕು, ಬಿಲ್ ನೋಡಬೇಕು, ಬಂದದ್ದನ್ನು ಬಿಚ್ಚಿ ಎಣಿಸಬೇಕು. ಎಷ್ಟು ತಯಾರಿಸಿದರೂ ಶುರುವಿನ ಖರ್ಚು ಬದಲಾಗುವುದಿಲ್ಲ, ಹಾಗಾದರೆ ಒಂದು ಸಲಕ್ಕೆ ಎಷ್ಟು ತಯಾರಿಸಿದರೆ ಒಳ್ಳೆಯದು ಅನ್ನುವುದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಒಂದು ಸೂತ್ರ ಬರೆದಿದ್ದರು. ಇವತ್ತಿಗೂ ಸ್ಟಾಕ್ ಲೆಕ್ಕದ ಪಾಠ ಶುರುವಾಗುವುದು ಅಲ್ಲಿಂದಲೇ. ಕಡಿಮೆ ಬೆಲೆಯ ಸಾಮಾನನ್ನು ಒಂದೊಂದೇ ತರಿಸುವುದು ಆ ಲೆಕ್ಕಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಪುಸ್ತಕದ ಅಂಗಡಿಗಳು ಇದರಿಂದ ತಪ್ಪಿಸಿಕೊಂಡಿವೆ, ಅವನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಇಲ್ಲದ ಪುಸ್ತಕ ಕೇಳಿದರೆ ‘ತರಿಸಿಕೊಡ್ತೀವಿ’ ಅನ್ನುವ ಮಾತು ಅಲ್ಲಿ ಸಲೀಸಾಗಿ ಬರುತ್ತದೆ. ಅಲ್ಲಿ ಬೇರೆ ಏನಿದೆ? ಹೆಚ್ಚಿನ ಪುಸ್ತಕಗಳಿಗೆ ಅದರದೇ ಆದ ಒಂದು ನಂಬರ್ ಇದೆ. 1970ರಿಂದ ಐಎಸ್‌ಬಿಎನ್ ಅನ್ನುವುದು ಅಂತರರಾಷ್ಟ್ರೀಯ ಕ್ರಮ, 2007ರಿಂದ ಅದು 13 ಅಂಕಿ. ಆ ನಂಬರ್ ಹೇಳಿದರೆ ಯಾವ ಪುಸ್ತಕ, ಯಾವ ಆವೃತ್ತಿ, ಗಟ್ಟಿ ರಟ್ಟೋ ಮೆತ್ತನೆಯದೋ ಎಲ್ಲ ಖಚಿತ. ತಪ್ಪು ಬರುವ ಭಯ ಕಡಿಮೆ. ಹೋಲ್‌ಸೇಲಿನವರು ಬೇರೆ ಬೇರೆ ಪ್ರಕಾಶಕರ ಒಂದೊಂದು ಪ್ರತಿಯನ್ನು ಸೇರಿಸಿ ಒಂದೇ ಡಬ್ಬಿಯಲ್ಲಿ ಕಳಿಸುತ್ತಾರೆ. ಎಷ್ಟೋ ಕಡೆ ಮಾರಾಟವಾಗದ ಪ್ರತಿಯನ್ನು ವಾಪಸ್ ಕಳಿಸುವ ಪದ್ಧತಿಯೂ ಇದೆ. ತರಿಸಿಕೊಡುವುದಕ್ಕೆ ಭಯ ಯಾಕೆ?

ಔಷಧಿ ಅಂಗಡಿಯೂ ಹೆಚ್ಚು ಕಡಿಮೆ ಹೀಗೇ. ಹೋಲ್‌ಸೇಲ್ ಗಾಡಿ ಮತ್ತೆ ಮತ್ತೆ ಬರುತ್ತದೆ, ಅದೇ ಮಾತ್ರೆ ತೆಗೆದುಕೊಳ್ಳುವವರು ಮುಂದಿನ ತಿಂಗಳೂ ಬರುತ್ತಾರೆ. ಬಟ್ಟೆಯದು ಪೂರ್ತಿ ಉಲ್ಟಾ. ಒಂದು ಸೀಸನ್ನಿನ ಬಟ್ಟೆಯನ್ನು ತಿಂಗಳುಗಳ ಮೊದಲೇ ಒಂದೇ ಸಲ ಆರ್ಡರ್ ಮಾಡಿರುತ್ತಾರೆ. ಅದು ಖಾಲಿಯಾಗುವ ಹೊತ್ತಿಗೆ ಕಾರ್ಖಾನೆ ಮುಂದಿನ ಸೀಸನ್ನಿನ ಹೊಲಿಗೆಯಲ್ಲಿರುತ್ತದೆ. ಆ ಬಣ್ಣ, ಆ ಸೈಜು ಇನ್ನು ಇಲ್ಲ ಅಂದರೆ ಇಲ್ಲವೇ. ಬಟ್ಟೆ ಅಂಗಡಿಯವರ ಮೇಲೆ ಈ ವಿಷಯಕ್ಕೆ ಸಿಟ್ಟಾಗಬೇಡಿ.

ಒಂದೇ ಹೆಸರಿನ ಎರಡು ಮಳಿಗೆಗಳೂ ಬೇರೆ ಬೇರೆ ಉತ್ತರ ಕೊಡುತ್ತವೆ, ಗಮನಿಸಿದ್ದೀರಾ? ಬೋರ್ಡ್ ಒಂದೇ ಇದ್ದರೂ ಒಂದು ಕಂಪನಿಯದೇ ಆಗಿರಬಹುದು, ಇನ್ನೊಂದು ಫ್ರಾಂಚೈಸಿ, ಅಂದರೆ ಕಂಪನಿಯ ಹೆಸರಿನಲ್ಲಿ ಬೇರೆಯವರು ನಡೆಸುವುದು, ಆಗಿರಬಹುದು. ಒಬ್ಬರಿಗೆ ತರಿಸುವ ಅಧಿಕಾರ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ಪಕ್ಕದ ಮಳಿಗೆಯಲ್ಲಿ ಆ ಸಾಮಾನು ಇದೆ ಅಂತ ಕಂಪ್ಯೂಟರಿನಲ್ಲಿ ಕಂಡರೂ ಅಲ್ಲಿನ ಮ್ಯಾನೇಜರ್ ಯಾಕೆ ಕಳಿಸಬೇಕು? ಅವರ ಟಾರ್ಗೆಟ್ ಅವರಿಗೆ. ಕಂಪನಿಯ ವೆಬ್‌ಸೈಟಿನಲ್ಲಿ ಗಿರಾಕಿಯ ಪರವಾಗಿ ನಾವೇ ಆರ್ಡರ್ ಹಾಕಿಕೊಡಬಹುದು ಅನ್ನಿ. ಆ ಮಾರಾಟ ವೆಬ್‌ಸೈಟಿನ ಲೆಕ್ಕಕ್ಕೆ ಹೋದರೆ ಕೌಂಟರಿನಲ್ಲಿ ಹದಿನೈದು ನಿಮಿಷ ನಿಂತು ಸಹಾಯ ಮಾಡಿದ ಹುಡುಗಿಗೆ ಏನೂ ಸಿಗುವುದಿಲ್ಲ. ತಿಂಗಳ ಕೊನೆಗೆ ಅವಳನ್ನೇ ‘ನಿನ್ನ ಸೇಲ್ ಯಾಕೆ ಕಡಿಮೆ’ ಅಂತ ಕೇಳುತ್ತಾರೆ. ಹೆಡ್ ಆಫೀಸಿನವರೇ, ಇದು ನಿಮ್ಮ ಕೈಯಲ್ಲಿರುವ ವಿಷಯ. ಸಹಾಯ ಮಾಡಿದವರ ಲೆಕ್ಕಕ್ಕೆ ಆ ಮಾರಾಟ ಬರುವ ಹಾಗೆ ಮಾಡಿ. ಗಿರಾಕಿ ಜೊತೆ ನಗುತ್ತಾ ಮಾತಾಡಿ ಅಂತ ತರಬೇತಿ ಕೊಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಗಿರಾಕಿಗಳ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ಅಂಗಡಿಯಲ್ಲಿ ಚೀಟಿ ಅಂಟಿಸಿದ ಶೆಲ್ಫಿನ ಬಗ್ಗೆ ಹೇಳಿದೆನಲ್ಲ. ಅದರ ಕೆಳಗಿನ ಖಾನೆಯಲ್ಲಿ ಹಳೇ ಚೀಟಿಗಳ ಸಾಮಾನಿತ್ತು. ಹೇಳಿ ಹೋಗಿ ಬರದೇ ಇದ್ದವರದು. ಶಾಯಿ ಮಾಸಿ ಹೆಸರು ಓದಲೂ ಆಗುತ್ತಿರಲಿಲ್ಲ. ಫೋನ್ ಮಾಡಿದರೆ ‘ಓ, ಬೇರೆ ಕಡೆ ಸಿಕ್ಕಿತು’ ಅನ್ನುತ್ತಿದ್ದರು. ಸಿಕ್ಕಿದ್ದು ತಪ್ಪಲ್ಲ, ಒಂದು ಫೋನ್ ಮಾಡಿ ಹೇಳಬಹುದಿತ್ತು. ಒಂದು ದಿನ ಮಾಲೀಕರು ಆ ಖಾನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತೆಗೆದು ಒರೆಸಿಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಏನೂ ಮಾತಾಡಲಿಲ್ಲ. ಮರುದಿನದಿಂದ ಅಡ್ವಾನ್ಸ್ ಇಲ್ಲದೆ ಆರ್ಡರ್ ಬರೆಯುವುದು ನಿಲ್ಲಿಸಿದರು. ಅಂಗಡಿಯವರು ಅಡ್ವಾನ್ಸ್ ಕೇಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಅಂಗಡಿಯವರೂ ಅಷ್ಟೇ, ಸಾಮಾನು ಬರದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಚೀಟಿಯಲ್ಲೇ ಬರೆದುಕೊಡಿ.

ನಾನು ಕೇಳುವುದು ಎಲ್ಲ ಅಂಗಡಿಗಳೂ ಎಲ್ಲವನ್ನೂ ತರಿಸಿಕೊಡಬೇಕು ಅಂತಲ್ಲ. ಅದು ಆಗುವ ಮಾತಲ್ಲ, ಮೇಲೆ ಹೇಳಿದ ಕಾರಣಗಳೆಲ್ಲ ನಿಜವಾದವೇ. ನಾನು ಕೇಳುವುದು ‘ಸ್ಟಾಕ್ ಇಲ್ಲ’ ಅಂದ ಮೇಲೆ ಇನ್ನೊಂದು ಮಾತು.

ಯಾಕೆಂದರೆ ‘ಇಲ್ಲ’ ಅನ್ನುವ ಒಂದೇ ಮಾತಿನಲ್ಲಿ ಎಷ್ಟೋ ಬೇರೆ ಬೇರೆ ವಿಷಯ ಅಡಗಿರುತ್ತವೆ. ಶೆಲ್ಫಿನಲ್ಲಿಲ್ಲ ಆದರೆ ಒಳಗಿರಬಹುದು. ಗುರುವಾರದ ಲಾರಿಗೆ ಬರುತ್ತದೆ. ನಮಗೆ ತರಿಸುವ ಅಧಿಕಾರ ಇಲ್ಲ. 12 ತರಿಸಬೇಕಾಗುತ್ತದೆ, ನಮಗೆ ಕಷ್ಟ. ಡಿಸ್ಟ್ರಿಬ್ಯೂಟರ್ ಹತ್ತಿರವೇ ಇಲ್ಲ. ಕಂಪನಿಯೇ ಮಾಡುವುದು ನಿಲ್ಲಿಸಿದೆ. ಗಿರಾಕಿ ಮುಂದೇನು ಮಾಡಬೇಕು ಅನ್ನುವುದು ಇದರಲ್ಲಿ ಯಾವ ‘ಇಲ್ಲ’ ಅನ್ನುವುದರ ಮೇಲೆ ನಿಂತಿದೆ. ಗುರುವಾರ ಬರುವುದಾದರೆ ಕಾಯುತ್ತಾರೆ. ತಯಾರಿಕೆಯೇ ನಿಂತಿದ್ದರೆ ಹತ್ತು ಅಂಗಡಿ ಅಲೆಯುವುದು ಬಿಟ್ಟು ಬೇರೆಯದನ್ನು ನೋಡುತ್ತಾರೆ. ಆ ಅಜ್ಜಿಗೆ ನಾನು ಮೊದಲ ದಿನವೇ ‘ಕಂಪ್ಯೂಟರ್ ಇದೆ ಅನ್ನುತ್ತಿದೆ, ಇಲ್ಲಿ ಇಲ್ಲ, ನನ್ನ ಕೈಲಿ ತರಿಸೋಕೆ ಆಗಲ್ಲ, ನೀವು ಔಷಧಿ ಅಂಗಡಿಯಲ್ಲಿ ಕೇಳಿ’ ಅಂದಿದ್ದರೆ ಅವರು ಇನ್ನೆರಡು ಸಲ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಹಾಗೆ ಹೇಳಿದರೆ ವ್ಯಾಪಾರ ಕೈತಪ್ಪುತ್ತದಲ್ಲ ಅನ್ನಬಹುದು. ಅದು ಆಗಲೇ ಕೈತಪ್ಪಿರುತ್ತದೆ. ಗ್ರುಯೆನ್, ಕಾರ್ಸ್ಟನ್, ಭರದ್ವಾಜ್ ಎಂಬ ಮೂವರು 2002ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ದಿನಬಳಕೆಯ ಸಾಮಾನುಗಳಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಸರಾಸರಿ 8.3 ಶೇಕಡಾ ಶೆಲ್ಫಿನಲ್ಲಿ ಇರುವುದಿಲ್ಲ. ಬೇಕಾದ್ದು ಸಿಗದಿದ್ದಾಗ 31 ಶೇಕಡಾ ಜನ ಬೇರೆ ಅಂಗಡಿಗೆ ಹೋಗಿ ಅದನ್ನೇ ಕೊಳ್ಳುತ್ತಾರೆ, 9 ಶೇಕಡಾ ಜನ ಕೊಳ್ಳುವುದನ್ನೇ ಬಿಡುತ್ತಾರೆ. ಆಮೇಲೆ ಕೊಂಡರಾಯಿತು ಅಂತ ಕಾಯುವವರು 15 ಶೇಕಡಾ. ಇನ್ನೊಂದು ವಿಷಯವನ್ನೂ ಅವರು ಬರೆದಿದ್ದಾರೆ, ಅದನ್ನು ಓದಿದಾಗ ನನ್ನ ಹಳೇ ಮಳಿಗೆ ಕಣ್ಣ ಮುಂದೆ ಬಂತು. ಸಾಮಾನು ಇಲ್ಲದಿರುವುದಕ್ಕೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಕಾರಣ ಅಂಗಡಿಯೊಳಗೇ ಇರುತ್ತದೆ: ಕಡಿಮೆ ಆರ್ಡರ್ ಮಾಡಿದ್ದು, ತಡವಾಗಿ ಮಾಡಿದ್ದು, ಒಳಗಿದ್ದರೂ ಹೊರಗೆ ತಂದು ಇಡದೇ ಇದ್ದದ್ದು. ‘ಮೇಲಿಂದಲೇ ಬಂದಿಲ್ಲ’ ಅನ್ನುವ ನಮ್ಮ ಮಾಮೂಲಿ ಮಾತು ಹೆಚ್ಚಿನ ಸಲ ನಿಜವಲ್ಲ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಪ್ರತಿ ಕೌಂಟರಿನಲ್ಲಿ ಒಂದು ನೋಟ್‌ಬುಕ್ಕು ಇಡಿ, ಇಲ್ಲವೇ ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ‘ಕೇಳಿದರು, ಇರಲಿಲ್ಲ’ ಅನ್ನುವ ಒಂದು ಬಟನ್ ಇಡಿ. ವಾರಕ್ಕೊಮ್ಮೆ ಆರ್ಡರ್ ತೀರ್ಮಾನ ಮಾಡುವವರು ಅದನ್ನು ಓದಲೇಬೇಕು ಅಂತ ಮಾಡಿ. ಕಂಪ್ಯೂಟರ್ ‘ಇದೆ’ ಅಂದು ಕೊಕ್ಕೆ ಖಾಲಿ ಇದ್ದರೆ, ಆ ಒಂದು ಸಾಮಾನನ್ನು ಅದೇ ದಿನ ಎಣಿಸಿ ತಿದ್ದುವ ಅಧಿಕಾರ ಕೌಂಟರಿನಲ್ಲಿ ನಿಂತವರಿಗೆ ಕೊಡಿ. ಅದಕ್ಕೆ ವರ್ಷದ ಎಣಿಕೆಯ ತನಕ ಕಾಯುವುದು ಬೇಡ. ಆಮೇಲೆ, ತಿಂಗಳಿಗೆ ಇಷ್ಟು ಅಂತ ಒಂದು ಮಿತಿ ಹಾಕಿ, ಒಂದೆರಡು ಸಾಮಾನನ್ನು ಅವರೇ ಯಾರನ್ನೂ ಕೇಳದೆ ತರಿಸಲು ಬಿಡಿ. ನಷ್ಟವಾದರೆ ಆ ಮಿತಿಯೊಳಗೇ ಆಗುತ್ತದೆ.

ಎಲ್ಲಿಂದ ಶುರು ಮಾಡುವುದು ಅಂತ ಅನುಮಾನ ಇದ್ದರೆ, ನಾಳೆ ಬಾಗಿಲು ತೆಗೆಯುವ ಮೊದಲು ಕೌಂಟರಿನವರನ್ನೇ ಕರೆದು ಕೇಳಿ: ಯಾವ ಸಾಮಾನನ್ನು ಜನ ಕೇಳಿ ಕೇಳಿ ವಾಪಸ್ ಹೋಗುತ್ತಿದ್ದಾರೆ? ಅವರು ಪಟ್ಟಿ ನೋಡಬೇಕಾಗಿಲ್ಲ. ಸೈಜಿನ ಸಮೇತ ಬಾಯಲ್ಲೇ ಹೇಳುತ್ತಾರೆ.

ಇಂತಿ,
ಎರಡು ಕೌಂಟರುಗಳ ಹಿಂದೆ ನಿಂತಿದ್ದ ಒಬ್ಬ